ಕಡಲ ಪಕ್ಕದ ಮನೆ: ತಡೆಗೋಡೆ ಕೇಳುವ ಮುನ್ನ ಮರಳನ್ನು ನೋಡಿ

ಪ್ರಶ್ನೆ: ನಗರದ ಅಂಚಿನಲ್ಲಿರುವ ಕಡಲತೀರದ ಬಡಾವಣೆಗೆ ಇತ್ತೀಚೆಗೆ ಮನೆ ಬದಲಿಸಿದೆವು. ಐದು ನಿಮಿಷ ನಡೆದರೆ ಕಡಲು. ಸಂಜೆ ಮಕ್ಕಳನ್ನು ಕರೆದುಕೊಂಡು ಹೋಗುವುದೇ ಒಂದು ಖುಷಿ. ಆದರೆ ಕಳೆದ ಮಳೆಗಾಲ ಮುಗಿಯುವಷ್ಟರಲ್ಲಿ ಮರಳು ಅರ್ಧಕ್ಕರ್ಧ ಕಡಿಮೆಯಾಗಿದೆ. ನಿವಾಸಿಗಳ ಸಂಘದಲ್ಲಿ ಮೂರು ಪ್ರಸ್ತಾಪ ಬಂದಿವೆ. ಕಲ್ಲಿನ ತಡೆಗೋಡೆ ಕಟ್ಟಿಸಬೇಕು. ಮರಳ ಮೇಲಿನ ಬಳ್ಳಿ, ಕಡಲಪಾಚಿ ಎಲ್ಲ ತೆಗೆಸಿ ತೀರ ಸ್ವಚ್ಛ ಮಾಡಬೇಕು. ರಾತ್ರಿ ವಾಕಿಂಗ್‌ಗೆ ದೊಡ್ಡ ದೀಪ ಹಾಕಿಸಬೇಕು. ಯಾವುದಕ್ಕೆ ಹೂಂ ಅನ್ನುವುದು? ನಮಗೆ ತೀರವೂ ಉಳಿಯಬೇಕು, ಇಲ್ಲಿಯ ಬದುಕಿನ ಖುಷಿಯೂ ಬೇಕು.

ಉತ್ತರ: ಮೂರರಲ್ಲಿ ಯಾವುದಕ್ಕೂ ಈಗಲೇ ಹೂಂ ಅನ್ನಬೇಡಿ. ಗೋಡೆಗಂತೂ ಅವಸರ ಬೇಡವೇ ಬೇಡ. ಬಳ್ಳಿ ಕೀಳುವುದಕ್ಕೆ ನೇರವಾಗಿ ಬೇಡ ಅನ್ನಿ. ದೀಪಕ್ಕೆ ಬೇರೆ ದಾರಿ ಇದೆ, ಮುಂದೆ ಹೇಳುತ್ತೇನೆ.

ಈ ಮೂರೂ ಪ್ರಸ್ತಾಪಗಳ ಹಿಂದೆ ಒಂದೇ ಎಣಿಕೆ ಇದೆ. ತೀರ ಅಂದರೆ ಮೈದಾನ, ಅದನ್ನು ಗಟ್ಟಿ ಮಾಡಿ, ಗುಡಿಸಿ, ಬೆಳಕು ಹಾಕಿದರೆ ಆಯಿತು ಅಂತ. ಆದರೆ ಮರಳಿನ ತೀರ ಒಂದೇ ಕಡೆ ನಿಲ್ಲುವುದಿಲ್ಲ. ದಿನಾ ಓಡಾಡುತ್ತದೆ. ಅಲೆಯ ಜೊತೆ ಕಡಲಿಗೆ ಇಳಿಯುತ್ತದೆ, ಮತ್ತೆ ಮೇಲೆ ಬರುತ್ತದೆ, ದಡದ ಉದ್ದಕ್ಕೂ ಸರಿಯುತ್ತದೆ, ಗಾಳಿಗೆ ಹಾರಿ ದಿಬ್ಬವಾಗುತ್ತದೆ. ಹೀಗೆ ಓಡಾಡಲು ಜಾಗವೂ ಹೊಸ ಮರಳೂ ಸಿಗುತ್ತಿರುವ ತನಕ ತೀರ ಉಳಿಯುತ್ತದೆ. ಎರಡರಲ್ಲಿ ಒಂದು ತಪ್ಪಿದರೂ ಸವೆಯುತ್ತದೆ. ತೀರಗಳನ್ನು ಅಳೆಯುವುದೇ ನನ್ನ ಕೆಲಸ. ಯಾರು ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ.

ನಿಮ್ಮ ಮರಳು ಎಲ್ಲಿಗೆ ಹೋಯಿತು ಅಂತ ಮೊದಲು ನೋಡೋಣ.

ಗಾಳಿಮಳೆಯ ಕಾಲದಲ್ಲಿ ಅಲೆಗಳು ಎತ್ತರವಾಗಿ, ಒಂದರ ಬೆನ್ನಿಗೆ ಒಂದು ಬರುತ್ತವೆ. ಒಂದು ಅಲೆ ಹಿಂದೆ ಸರಿಯುವಷ್ಟರಲ್ಲಿ ಇನ್ನೊಂದು ಬಂದು ಬೀಳುತ್ತದೆ. ನೀರು ಮರಳಿನೊಳಗೆ ಇಂಗಲು ಪುರುಸೊತ್ತೇ ಸಿಗುವುದಿಲ್ಲ. ಹಾಗಾಗಿ ವಾಪಸ್ ಹೋಗುವ ನೀರು ಜೋರಾಗಿರುತ್ತದೆ, ಮರಳನ್ನೂ ಎಳೆದುಕೊಂಡು ಹೋಗುತ್ತದೆ. ಆ ಮರಳು ಸಾಮಾನ್ಯವಾಗಿ ತುಂಬಾ ದೂರ ಹೋಗುವುದಿಲ್ಲ. ದಡದಿಂದ ಸ್ವಲ್ಪ ಆಚೆ, ನೀರಿನಡಿಯಲ್ಲಿ ಉದ್ದನೆಯ ದಿಣ್ಣೆಯಾಗಿ ಕೂರುತ್ತದೆ. ಮುಂದಿನ ದೊಡ್ಡ ಅಲೆಗಳು ಆ ದಿಣ್ಣೆಯ ಮೇಲೇ ಒಡೆದು ಸುಸ್ತಾಗುತ್ತವೆ. ಅಂದರೆ ತೀರ ತನ್ನ ಮರಳನ್ನೇ ಮುಂದಕ್ಕೆ ಕಳಿಸಿ ತನ್ನನ್ನು ಕಾಪಾಡಿಕೊಳ್ಳುತ್ತದೆ. ಕಡಲು ಶಾಂತವಾದ ಮೇಲೆ ತಗ್ಗಾದ, ನಿಧಾನದ ಅಲೆಗಳು ಅದೇ ಮರಳನ್ನು ಸ್ವಲ್ಪ ಸ್ವಲ್ಪವಾಗಿ ದಡಕ್ಕೆ ತಳ್ಳುತ್ತವೆ. ಹೋಗುವುದಕ್ಕೆ ಒಂದೆರಡು ರಾತ್ರಿ ಸಾಕು. ಬರುವುದಕ್ಕೆ ತಿಂಗಳುಗಳು ಬೇಕು, ಕೆಲವೊಮ್ಮೆ ವರ್ಷಗಳೇ ಹಿಡಿಯುತ್ತವೆ. ಹೋದದ್ದು ಕಣ್ಣಿಗೆ ಬೀಳುತ್ತದೆ, ಬರುವುದು ಗೊತ್ತೇ ಆಗುವುದಿಲ್ಲ. ಜನ ಗಾಬರಿಯಾಗುವುದು ಇದಕ್ಕೇ.

ಸಿಡ್ನಿ ನಗರದ ಉತ್ತರದ ಉಪನಗರಗಳಲ್ಲಿ ಕೊಲರಾಯ್–ನ್ಯಾರಬೀನ್ ಅಂತ ಒಂದು ತೀರವಿದೆ. 1976ರಿಂದ ತಿಂಗಳು ತಪ್ಪದೆ ಅಳೆಯುತ್ತಾ ಬಂದಿರುವ ತೀರ ಅದು. ಜಗತ್ತಿನಲ್ಲಿ ಇಷ್ಟು ಉದ್ದದ ದಾಖಲೆ ಇರುವ ತೀರಗಳು ಬಹಳ ಕಡಿಮೆ. 2016ರ ಜೂನ್‌ನಲ್ಲಿ ಅಲ್ಲಿ ಭಾರೀ ಬಿರುಗಾಳಿ ಬಂತು. ಕೆಲವು ಕಡೆ ತೀರದ ಅಗಲ 50 ಮೀಟರ್‌ನಷ್ಟು ಕುಗ್ಗಿತು. ಕಡಲ ಅಂಚಿನ ಮನೆಗಳ ಹಿತ್ತಿಲು ಕುಸಿಯಿತು. ಒಂದು ಮನೆಯ ಈಜುಕೊಳವೇ ಕಿತ್ತುಬಂದು ಮರಳ ಮೇಲೆ ಬಿತ್ತು. ಆ ಫೋಟೋ ನೋಡಿದ ಯಾರಿಗಾದರೂ ಈ ತೀರದ ಕಥೆ ಮುಗಿಯಿತು ಅನ್ನಿಸುತ್ತಿತ್ತು. ಮುಂದಿನ ತಿಂಗಳುಗಳಲ್ಲಿ ಮರಳು ಮತ್ತೆ ದಡ ಸೇರತೊಡಗಿತು. ಹಳೆಯ ಲೆಕ್ಕ ತೆಗೆದು ನೋಡಿದರೆ ಆ ತೀರ ಮೊದಲಿನಿಂದಲೂ ಹೀಗೇ ಅಗಲವಾಗುತ್ತ, ಕಿರಿದಾಗುತ್ತ ಬಂದಿದೆ. ಮನೆಗಳನ್ನು ಕಟ್ಟಿದ್ದು ಅದು ಓಡಾಡುವ ಜಾಗದೊಳಗೆ. ತೊಂದರೆಯ ಮೂಲ ಅಲ್ಲೇ ಇದೆ.

ಹಾಗಾದರೆ ನಿಮ್ಮ ಮರಳೂ ತಾನಾಗಿ ವಾಪಸ್ ಬರುತ್ತದಾ? ಅದನ್ನು ಒಂದು ಮಳೆಗಾಲ ನೋಡಿ ಹೇಳಲು ಆಗುವುದಿಲ್ಲ. ಹೇಳುವವರನ್ನು ನಂಬಲೂ ಬೇಡಿ. ನೀವೇ ಅಳೆಯಬಹುದು, ಫೋನ್ ಇದ್ದರೆ ಸಾಕು. ಸಿಡ್ನಿಯಲ್ಲೇ 2017ರಲ್ಲಿ ಕೋಸ್ಟ್‌ಸ್ನ್ಯಾಪ್ ಎಂಬ ಯೋಜನೆ ಶುರುವಾಯಿತು. ತೀರ ಕಾಣುವ ಜಾಗದಲ್ಲಿ ಒಂದು ಕಂಬ, ಅದರ ಮೇಲೆ ಫೋನ್ ಇಡುವ ಗೂಡು. ದಾರಿಹೋಕರು ಫೋನ್ ಇಟ್ಟು ಫೋಟೋ ತೆಗೆದು ಕಳಿಸುತ್ತಾರೆ. ಎಲ್ಲ ಫೋಟೋಗಳೂ ಒಂದೇ ಕೋನದಲ್ಲಿ ಇರುವುದರಿಂದ ನೀರಿನ ಅಂಚು ಎಷ್ಟು ಸರಿದಿದೆ ಅಂತ ಲೆಕ್ಕ ಹಾಕಬಹುದು. ಈಗ ಅದು ಬೇರೆ ಬೇರೆ ದೇಶಗಳಿಗೂ ಹಬ್ಬಿದೆ.

ನಿಮ್ಮ ಸಂಘ ಇದನ್ನು ಈ ತಿಂಗಳೇ ಶುರು ಮಾಡಬಹುದು. ಕದಲದ ಒಂದು ಜಾಗ ಹುಡುಕಿ. ಮೆಟ್ಟಿಲಿನ ಕಟಕಟೆ, ಸೇತುವೆಯ ಕಂಬ, ಏನಾದರೂ ಆಗಬಹುದು. ಅಲ್ಲಿ ಬಣ್ಣದಿಂದ ಗುರುತು ಹಾಕಿ. ಪ್ರತಿ ಹುಣ್ಣಿಮೆಯ ಆಸುಪಾಸಿನಲ್ಲಿ, ಪೂರ್ತಿ ಇಳಿತದ ಹೊತ್ತಿಗೆ, ಅದೇ ಕೋನದಲ್ಲಿ ಫೋಟೋ ತೆಗೆಯಿರಿ. ಚೌಕಟ್ಟಿನೊಳಗೆ ಒಂದು ಮರವೋ ಕಟ್ಟಡವೋ ಇರಲಿ, ಹೋಲಿಸಲು ಅನುಕೂಲ. ಇನ್ನೊಂದು ಕೆಲಸವನ್ನು ಮಕ್ಕಳಿಗೆ ಕೊಡಿ. ಬೇಲಿಯಿಂದಲೋ ಗೋಡೆಯಿಂದಲೋ ಉಬ್ಬರದ ಗುರುತಿನ ತನಕ ಟೇಪ್ ಹಿಡಿದು ಅಳೆದು ಬರೆದಿಡಲಿ. ಗಾಳಿಮಳೆಯ ಒಂದು ಕಾಲ, ಶಾಂತ ಕಡಲಿನ ಒಂದು ಕಾಲ, ಎರಡೂ ಆ ಪುಸ್ತಕದಲ್ಲಿ ಸೇರಬೇಕು. ಆಮೇಲೆ ಗೋಡೆಯ ಮಾತು.

ಫೋಟೋಗೆ ಮೊದಲೇ ನೆಲ ಕೊಡುವ ಸುಳಿವುಗಳೂ ಇವೆ. ಶಾಂತ ಕಾಲ ಮುಗಿಯುತ್ತ ಬಂದರೂ ದಿಬ್ಬದ ಮುಖ ಚಾಕುವಿನಲ್ಲಿ ಕೊಯ್ದ ಹಾಗೆ ಕಡಿದಾಗಿಯೇ ಇದೆಯಾ? ದೊಡ್ಡ ಹಳೆಯ ಮರಗಳ ಬೇರು ಬಯಲಾಗಿದೆಯಾ? ಮರಳಿನಡಿಯಿಂದ ಜೇಡಿಮಣ್ಣೋ ಹಳೆಯ ಕಲ್ಲೋ ಮೇಲೆ ಬಂದಿದೆಯಾ? ಹೌದಾದರೆ ಇದು ಬರೀ ಋತುವಿನ ಏರಿಳಿತ ಇರಲಾರದು, ಮರಳು ಬರುವ ದಾರಿಯಲ್ಲೇ ಎಲ್ಲೋ ತಡೆಯಾಗಿದೆ. ಆಗ ಸಂಘ ಕೇಳಬೇಕಾದ ಪ್ರಶ್ನೆ ಬೇರೆ: ನಮ್ಮ ತೀರಕ್ಕೆ ಮರಳು ಎಲ್ಲಿಂದ ಬರುತ್ತಿತ್ತು, ಅದನ್ನು ತಡೆದದ್ದು ಏನು?

ಹೆಚ್ಚಿನ ಕಡೆ ಮರಳು ತರುವುದು ನದಿ. ಮೇಲೆ ಅಣೆಕಟ್ಟು ಕಟ್ಟಿದರೆ ಮರಳು ಅಲ್ಲೇ ಕೂರುತ್ತದೆ. ನದಿಯಲ್ಲಿ ಮರಳು ತೆಗೆದರೂ ಕಡಲಿಗೆ ಬರುವುದು ಕಡಿಮೆಯಾಗುತ್ತದೆ. ಜಗತ್ತಿನಲ್ಲಿ ಮನುಷ್ಯರು ವರ್ಷಕ್ಕೆ ಸುಮಾರು 5,000 ಕೋಟಿ ಟನ್ ಮರಳು, ಜಲ್ಲಿ ಬಳಸುತ್ತಾರೆ ಅಂತ ವಿಶ್ವಸಂಸ್ಥೆಯ ಪರಿಸರ ವಿಭಾಗ 2022ರಲ್ಲಿ ಹೇಳಿದೆ. ಆಮೇಲೆ ದಡದ ಉದ್ದಕ್ಕೂ ಸರಿಯುವ ಮರಳು. ಅಲೆಗಳು ಓರೆಯಾಗಿ ಬಂದು ಬಡಿಯುವುದರಿಂದ ಮರಳು ಒಂದು ದಿಕ್ಕಿಗೆ ಸಾಗುತ್ತಲೇ ಇರುತ್ತದೆ. ಅದಕ್ಕೆ ಅಡ್ಡಲಾಗಿ ಬಂದರಿನ ಗೋಡೆಯೋ ಅಳಿವೆಯ ಕಲ್ಲಿನ ಕಟ್ಟೆಯೋ ಬಂದರೆ ಒಂದು ಬದಿಯಲ್ಲಿ ಮರಳು ರಾಶಿ ಬೀಳುತ್ತದೆ, ಇನ್ನೊಂದು ಬದಿ ಸೊರಗುತ್ತದೆ. ಆಸ್ಟ್ರೇಲಿಯದ ಟ್ವೀಡ್ ನದಿಯ ಅಳಿವೆಯಲ್ಲಿ ಹೀಗೇ ಆಯಿತು. 1960ರ ದಶಕದಲ್ಲಿ ದೋಣಿಗಳ ಅನುಕೂಲಕ್ಕೆಂದು ಅಲ್ಲಿಯ ಕಲ್ಲಿನ ಕಟ್ಟೆಗಳನ್ನು ಕಡಲೊಳಗೆ ಉದ್ದ ಮಾಡಿದರು. ದಕ್ಷಿಣದಿಂದ ಉತ್ತರಕ್ಕೆ ಹೋಗುತ್ತಿದ್ದ ಮರಳು ಅಲ್ಲೇ ನಿಂತಿತು. ಉತ್ತರದ ಕೂಲಂಗಾಟ, ಕಿರಾ ತೀರಗಳು ಸವೆದವು. 2001ರಿಂದ ಅಲ್ಲಿ ಪಂಪ್ ಇಟ್ಟು, ನದಿಯ ಅಡಿಯಿಂದ ಕೊಳವೆ ಹಾಕಿ, ಮರಳನ್ನು ಈಚೆಯಿಂದ ಆಚೆಗೆ ದಾಟಿಸುತ್ತಿದ್ದಾರೆ. ಕಲ್ಲು ಹಾಕಿದ್ದು ಒಮ್ಮೆ. ಪಂಪ್ ಮಾತ್ರ ಇವತ್ತಿಗೂ ಓಡುತ್ತಲೇ ಇರಬೇಕು.

ಈಗ ತಡೆಗೋಡೆಯ ವಿಷಯ. ಗೋಡೆ ಕಾಪಾಡುವುದು ಗೋಡೆಯ ಹಿಂದಿರುವುದನ್ನು. ಮುಂದಿರುವ ಮರಳನ್ನು ಅದು ಕಾಪಾಡುವುದಿಲ್ಲ. ಸಭೆಯಲ್ಲಿ ಈ ಒಂದು ಮಾತನ್ನು ಎಲ್ಲರಿಗೂ ಮುಟ್ಟಿಸಿ, ಯಾಕೆಂದರೆ ಹೆಚ್ಚಿನವರು ಗೋಡೆ ಕೇಳುವುದು ತೀರ ಉಳಿಯಲಿ ಅಂತಲೇ. ಇಳಿಜಾರಿನ ಮರಳ ಮೇಲೆ ಏರುವ ಅಲೆ ಏರುತ್ತ ಏರುತ್ತ ಶಕ್ತಿ ಕಳೆದುಕೊಳ್ಳುತ್ತದೆ. ನೇರ ಗೋಡೆಗೆ ಬಡಿದ ಅಲೆ ಶಕ್ತಿಯನ್ನು ಉಳಿಸಿಕೊಂಡೇ ವಾಪಸ್ ಹೋಗುತ್ತದೆ. ಗೋಡೆಯ ಬುಡದ ಮರಳನ್ನು ಕೆದಕುತ್ತದೆ. ತೀರ ಮೊದಲೇ ಹಿಂದೆ ಸರಿಯುತ್ತಿದ್ದರೆ ಗೋಡೆಯ ಮುಂದಿನ ಮರಳು ವರ್ಷದಿಂದ ವರ್ಷಕ್ಕೆ ತಗ್ಗಾಗುತ್ತದೆ. ಒಂದು ದಿನ ಉಬ್ಬರದಲ್ಲಿ ನಡೆಯಲು ಜಾಗವೇ ಇರುವುದಿಲ್ಲ. ಗೋಡೆ ಮುಗಿಯುವ ತುದಿಯಲ್ಲಿ ಇನ್ನೊಂದು ತೊಂದರೆ. ಅಲ್ಲಿ ಅಲೆ ತಿರುಗಿ ಪಕ್ಕದವರ ನೆಲ ಕೊರೆಯುತ್ತದೆ. ಅವರೂ ಗೋಡೆ ಕೇಳುತ್ತಾರೆ. ಹೀಗೆ ಗೋಡೆ ಉದ್ದವಾಗುತ್ತಾ ಹೋದ ತೀರಗಳು ಬೇಕಾದಷ್ಟಿವೆ. ಜೊತೆಗೆ ದಿಬ್ಬದಲ್ಲಿದ್ದ ಮರಳು ಗೋಡೆಯ ಹಿಂದೆ ಸಿಕ್ಕಿಬೀಳುತ್ತದೆ, ಬೇಕಾದಾಗ ಕಡಲಿಗೆ ಸಿಗುವುದಿಲ್ಲ.

ಕೊಲರಾಯ್‌ನಲ್ಲಿ ಆ ಬಿರುಗಾಳಿಯ ನಂತರ ಮನೆಗಳ ಮುಂದೆ ಕಾಂಕ್ರೀಟಿನ ನೇರ ಗೋಡೆ ಎದ್ದಿತು. 2021ರಲ್ಲಿ ಅಲ್ಲಿಯ ಜನ ಮರಳ ಮೇಲೆ ಸಾಲಾಗಿ ನಿಂತು ಅದನ್ನು ವಿರೋಧಿಸಿದರು. ಮನೆ ಕಳೆದುಕೊಳ್ಳುವ ಭಯ ಒಂದು ಕಡೆ, ತೀರ ಕಳೆದುಕೊಳ್ಳುವ ಭಯ ಇನ್ನೊಂದು ಕಡೆ. ಎರಡೂ ನಿಜವಾದ ಭಯಗಳೇ. ನಿಮ್ಮ ಸಂಘದಲ್ಲೂ ಮೊದಲ ಸಾಲಿನ ಮನೆಯವರು ರಾತ್ರಿ ನಿದ್ದೆಗೆಟ್ಟಿರಬಹುದು. ಅವರ ಮಾತನ್ನು ಸುಮ್ನೆ ತಳ್ಳಿಹಾಕಬೇಡಿ.

ಅಲೆ ಮನೆಯ ಅಡಿಪಾಯ ಮುಟ್ಟಿದೆ, ಊರಿಗಿರುವ ಒಂದೇ ರಸ್ತೆ ಕುಸಿಯುತ್ತಿದೆ ಅಂದರೆ ಗೋಡೆ ಬೇಕಾಗಬಹುದು. ಆಗಲೂ ಅದನ್ನು ಎಲ್ಲಿ ಕಟ್ಟುತ್ತೀರಿ ಅನ್ನುವುದು ಮುಖ್ಯ. ಟ್ವೀಡ್‌ನ ಉತ್ತರಕ್ಕಿರುವ ಗೋಲ್ಡ್ ಕೋಸ್ಟ್‌ನಲ್ಲಿ 1967ರಲ್ಲಿ ಒಂದರ ಹಿಂದೆ ಒಂದು ಚಂಡಮಾರುತ ಬಂದು ತೀರ ಕೊಚ್ಚಿಹೋಗಿತ್ತು. ಆಮೇಲೆ ಅವರು ಕಲ್ಲಿನ ಗೋಡೆಯನ್ನು ಆದಷ್ಟು ನೆಲದ ಕಡೆಗೆ ಸರಿಸಿ ಕಟ್ಟಿದರು, ಅದರ ಮೇಲೆ ಮತ್ತು ಮುಂದೆ ಮರಳು ತುಂಬಿದರು, ಹುಲ್ಲು ಬೆಳೆಸಿದರು. ಇವತ್ತು ಬಹುತೇಕ ಕಡೆ ಆ ಗೋಡೆ ಕಣ್ಣಿಗೇ ಬೀಳುವುದಿಲ್ಲ, ದಿಬ್ಬದಡಿಯಲ್ಲಿ ಹುದುಗಿದೆ. ಮರಳೆಲ್ಲ ಹೋದ ಕೆಟ್ಟ ದಿನಕ್ಕೆ ಮಾತ್ರ ಅದರ ಕೆಲಸ. ಇನ್ನೊಂದು ದಾರಿ ಮರಳನ್ನೇ ಹಾಕುವುದು. ನೆದರ್‌ಲ್ಯಾಂಡ್ಸ್‌ನಲ್ಲಿ 2011ರಲ್ಲಿ ಹೇಗ್ ನಗರದ ದಕ್ಷಿಣಕ್ಕೆ 2 ಕೋಟಿ 15 ಲಕ್ಷ ಘನ ಮೀಟರ್ ಮರಳನ್ನು ಒಂದೇ ಕಡೆ ಸುರಿದರು. ಅಲೆಯೂ ಗಾಳಿಯೂ ಅದನ್ನು ಅಕ್ಕಪಕ್ಕದ ತೀರಗಳಿಗೆ ಹಂಚಲಿ ಅಂತ ಬಿಟ್ಟರು. ಇದು ದುಡ್ಡಿನ ಕೆಲಸ, ಎಲ್ಲರ ಕೈಲಾಗದು. ಆದರೆ ಕಡಲಿನ ಜೊತೆ ನೂರಾರು ವರ್ಷ ಗುದ್ದಾಡಿದ ದೇಶವೇ ಬರೀ ಗೋಡೆ ಸಾಲದು ಅಂದುಕೊಂಡಿದೆ, ಅಲ್ವಾ?

ಹಾಗಾಗಿ ಗೋಡೆಯ ನಕ್ಷೆ ಹಿಡಿದು ಬರುವ ಎಂಜಿನಿಯರ್‌ಗೆ ಇಷ್ಟು ಕೇಳಿ. ಗೋಡೆ ಕಟ್ಟಿದ ಹತ್ತು ವರ್ಷಕ್ಕೆ ಉಬ್ಬರದಲ್ಲಿ ಎಷ್ಟು ಅಗಲ ಮರಳು ಉಳಿಯುತ್ತದೆ? ಗೋಡೆಯ ಎರಡು ತುದಿಯಲ್ಲಿ ಏನಾಗುತ್ತದೆ? ಕಲ್ಲು ಕುಸಿದಾಗ ಮತ್ತೆ ತುಂಬಿಸುವ ಖರ್ಚು ಯಾರದು? ಉತ್ತರ ಬಾಯಲ್ಲಿ ಬೇಡ, ಬರೆದುಕೊಡಲಿ.

ಕಡಲ ಮಟ್ಟ ಏರುತ್ತಿರುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 1901ರಿಂದ 2018ರ ನಡುವೆ ಜಗತ್ತಿನ ಸರಾಸರಿ ಕಡಲ ಮಟ್ಟ ಸುಮಾರು 20 ಸೆಂಟಿಮೀಟರ್ ಏರಿದೆ. 2006ರಿಂದ 2018ರ ಅವಧಿಯಲ್ಲಿ ವರ್ಷಕ್ಕೆ 3.7 ಮಿಲಿಮೀಟರ್‌ನಂತೆ ಏರಿತು. ಕೇಳಲು ಸಣ್ಣದು. ಆದರೆ ಸಮತಟ್ಟಾದ ತೀರದಲ್ಲಿ ಒಂದು ಗೇಣು ನೀರು ಮೇಲೆ ಬಂದರೆ ಎಷ್ಟೋ ಮೀಟರ್ ಒಳಗೆ ಬರುತ್ತದೆ. ಹೊಸದಾಗಿ ಏನೇ ಕಟ್ಟುವುದಿದ್ದರೂ ಹಿಂದೆ ಸರಿದು ಕಟ್ಟಿ ಅನ್ನುವುದಕ್ಕೆ ಇದೂ ಒಂದು ಕಾರಣ. ಶೌಚಾಲಯ, ಅಂಗಡಿ, ಪಾರ್ಕಿಂಗ್, ಯಾವುದಾದರೂ ಸರಿ.

ಬಳ್ಳಿಯ ಮಾತಿಗೆ ಬರುತ್ತೇನೆ. ದಯವಿಟ್ಟು ಅದನ್ನು ಕೀಳಬೇಡಿ. ಬಿಸಿ ಪ್ರದೇಶದ ತೀರಗಳಲ್ಲೆಲ್ಲ ಮರಳ ಮೇಲೆ ಹರಡುವ ಒಂದು ಬಳ್ಳಿಯಿದೆ. ಎಲೆ ಆಡಿನ ಗೊರಸಿನ ಹಾಗೆ ಎರಡು ಸೀಳು, ಹೂವು ನೇರಳೆ. ಅದರ ಜೊತೆಗೆ ಕೆಲವು ಕಡೆ ರಾವಣನ ಮೀಸೆ ಎಂಬ ಚುಚ್ಚುವ ಹುಲ್ಲು ಇರುತ್ತದೆ. ಇವೆರಡಕ್ಕೂ ಉಪ್ಪು ಗಾಳಿ, ಸುಡುವ ಮರಳು ಅಭ್ಯಾಸ. ಒಂದು ದಿನ ಗಾಳಿ ಜೋರಾಗಿರುವಾಗ ಬಳ್ಳಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ನೋಡಿ. ನೆಲಕ್ಕಂಟಿ ಹಾರಿಬರುವ ಮರಳು ಎಲೆಯ ಬಳಿ ಬಂದು ವೇಗ ಕಳೆದುಕೊಳ್ಳುತ್ತದೆ. ಎಲೆಯ ಹಿಂದೆ ಸಣ್ಣ ಬಾಲದಂತೆ ಮರಳು ಕೂರುತ್ತದೆ. ಬಳ್ಳಿ ಮುಚ್ಚಿಹೋದರೆ ಸಾಯುವುದಿಲ್ಲ. ಗೆಣ್ಣಿನಲ್ಲಿ ಹೊಸ ಬೇರು ಬಿಟ್ಟು ಮತ್ತೆ ಮೇಲೆ ಬರುತ್ತದೆ. ಹೀಗೆ ಮರಳು ಏರಿದಂತೆ ಬಳ್ಳಿ ಏರುತ್ತದೆ, ಬಳ್ಳಿ ಏರಿದಂತೆ ಮರಳು ಏರುತ್ತದೆ. ದಿಬ್ಬ ಬೆಳೆಯುವುದು ಹೀಗೆ. ಆ ದಿಬ್ಬ ನಿಮ್ಮ ತೀರದ ಉಳಿತಾಯ ಖಾತೆ. ಬಿರುಗಾಳಿ ಬಂದಾಗ ಕಡಲು ಅಲ್ಲಿಂದ ಮರಳು ತೆಗೆಯುತ್ತದೆ, ಶಾಂತ ಕಾಲದಲ್ಲಿ ಬಳ್ಳಿ ಮತ್ತೆ ತುಂಬುತ್ತದೆ. ಖಾತೆ ಖಾಲಿ ಇದ್ದರೆ ಕಡಲು ಕೈ ಹಾಕುವುದು ನಿಮ್ಮ ರಸ್ತೆಗೆ.

ಈ ಗಿಡಗಳು ಗಾಳಿ, ಉಪ್ಪು, ಬಿಸಿಲು ಎಲ್ಲ ತಡೆಯುತ್ತವೆ. ತುಳಿತವನ್ನು ಮಾತ್ರ ತಡೆಯುವುದಿಲ್ಲ. ಜನ ದಿನಾ ಒಂದೇ ಕಡೆ ಹತ್ತಿ ಇಳಿದರೆ ಅಲ್ಲಿ ಗಿಡ ಸಾಯುತ್ತದೆ, ಗಾಳಿ ಅಲ್ಲೇ ಸೀಳು ಮಾಡುತ್ತದೆ, ದಿಬ್ಬ ಒಡೆಯುತ್ತದೆ. ಮನೆಗೊಂದು ಕಾಲುದಾರಿ ಬೇಡ. ಇಡೀ ಬಡಾವಣೆಗೆ ಎರಡು ಮೂರು ದಾರಿ ಸಾಕು. ಅದಕ್ಕೆ ಮರದ ಹಲಗೆ ಹಾಸಿ, ದಾರಿಯನ್ನು ಗಾಳಿ ಬೀಸುವ ದಿಕ್ಕಿಗೆ ನೇರ ಬಿಡದೆ ಸ್ವಲ್ಪ ಓರೆ ಮಾಡಿ. ಎರಡೂ ಬದಿ ಮೊಣಕಾಲೆತ್ತರದ ಹಗ್ಗ ಕಟ್ಟಿದರೂ ಸಾಕು, ಜನ ದಾರಿ ಬಿಡುವುದಿಲ್ಲ. ನಿಮ್ಮ ಸಂಘದ ದುಡ್ಡಿಗೆ ಇದಕ್ಕಿಂತ ಒಳ್ಳೆಯ ಖರ್ಚು ನನಗೆ ಕಾಣುತ್ತಿಲ್ಲ. ಮರ ನೆಡುವ ಉತ್ಸಾಹ ಬಂದರೆ ಗಾಳಿಮರವನ್ನು ತೀರದ ಮುಂಚೂಣಿಯಲ್ಲಿ ನೆಡಬೇಡಿ. ಬೇಗ ಬೆಳೆಯುತ್ತದೆ ನಿಜ. ಆದರೆ ಅದರ ಉದುರೆಲೆಯ ದಪ್ಪ ಹಾಸಿನಡಿ ಬಳ್ಳಿ ಹುಲ್ಲು ಏಳುವುದಿಲ್ಲ, ಕೊರೆತ ಬಂದಾಗ ಮರವೂ ಉರುಳುತ್ತದೆ.

ಸ್ವಚ್ಛತೆಯಲ್ಲಿ ಕಸ ಯಾವುದು, ಕಸವಲ್ಲದ್ದು ಯಾವುದು ಅಂತ ಮೊದಲು ಬೇರೆ ಮಾಡಬೇಕು. ಉಬ್ಬರ ಬಿಟ್ಟುಹೋದ ಗೆರೆಯಲ್ಲಿ ಪಾಚಿ, ಕಡ್ಡಿ, ಚಿಪ್ಪು ಸಿಕ್ಕಿಕೊಂಡಿರುತ್ತವೆ. ವಾಸನೆ ಬರುತ್ತದೆ, ನೊಣ ಇರುತ್ತವೆ, ಗೊತ್ತು. ಒಂದು ಹಿಡಿ ಪಾಚಿ ಎತ್ತಿ ನೋಡಿ. ಅಡಿಯಲ್ಲಿ ತೇವ ಇರುತ್ತದೆ. ಅಕ್ಕಿಕಾಳಿನಷ್ಟು ಜೀವಿಗಳು ಪುಟಪುಟ ಹಾರುತ್ತವೆ. ಮರಳ ಮೇಲೆ ಓಡಾಡುವ ಸಣ್ಣ ಹಕ್ಕಿಗಳಿಗೆ ಅದೇ ಊಟ. ಆ ಗೆರೆಯಲ್ಲೇ ಗಾಳಿಯ ಮರಳು ನಿಂತು ಹೊಸ ದಿಬ್ಬ ಶುರುವಾಗುತ್ತದೆ. ಟ್ರ್ಯಾಕ್ಟರ್ ಬಾಚಣಿಗೆ ಎಳೆಸಿದರೆ ಇದೆಲ್ಲ ಹೋಗುತ್ತದೆ, ಜೊತೆಗೆ ಒಂದಷ್ಟು ಮರಳೂ ಹೋಗುತ್ತದೆ. ಕೈಯಿಂದ ಆರಿಸುವುದೇ ಸರಿ. ಚಿಪ್ಪುಗಳನ್ನೂ ಚೀಲಗಟ್ಟಲೆ ಒಯ್ಯಬೇಡಿ. ಸನ್ಯಾಸಿ ಏಡಿಗಳಿಗೆ ಅವೇ ಮನೆ.

ತೆಗೆಯಬೇಕಾದದ್ದು ಬೇರೆ ಇದೆ. ಮೊದಲನೆಯದು ಮೀನಿನ ಗಾಳದ ದಾರ, ಬಲೆಯ ತುಂಡು. ಕಣ್ಣಿಗೆ ಸಣ್ಣದು, ಹಕ್ಕಿ ಆಮೆಗಳ ಪ್ರಾಣಕ್ಕೆ ಇದೇ ದೊಡ್ಡ ಕಂಟಕ. ಆಮೇಲೆ ಸಿಗರೇಟಿನ ತುದಿ. ಅದು ಹತ್ತಿ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹೆಚ್ಚಿನವು ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್. ಬಾಟಲಿ ಮುಚ್ಚಳ, ಥರ್ಮಕೋಲ್ ಚೂರುಗಳನ್ನು ಒಡೆದು ಪುಡಿಯಾಗುವ ಮೊದಲೇ ಆರಿಸಬೇಕು. ಉಬ್ಬರದ ಗೆರೆಯಲ್ಲಿ ಸಾಬಕ್ಕಿಯಂಥ ದುಂಡನೆ ಬಿಳಿ ಕಾಳು ಕಂಡರೆ ಅದು ಪ್ಲಾಸ್ಟಿಕ್ ಕಾರ್ಖಾನೆಗಳ ಕಚ್ಚಾ ವಸ್ತು. 2021ರಲ್ಲಿ ಕೊಲಂಬೊ ಬಳಿ ಎಕ್ಸ್‌ಪ್ರೆಸ್ ಪರ್ಲ್ ಹಡಗು ಬೆಂಕಿ ಬಿದ್ದು ಮುಳುಗಿದಾಗ ಇಂಥ ಕಾಳು 1,600 ಟನ್‌ಗಿಂತ ಜಾಸ್ತಿ ಕಡಲು ಸೇರಿತು. ಅಡುಗೆಮನೆಯ ಜರಡಿಯಲ್ಲೇ ಅದನ್ನು ಸೋಸಬಹುದು. ಸಿರಿಂಜ್, ಗುರುತಿಲ್ಲದ ಡಬ್ಬ ಕಂಡರೆ ಮಕ್ಕಳು ಮುಟ್ಟಬಾರದು. ಸತ್ತುಬಿದ್ದ ಲೋಳೆಮೀನನ್ನೂ ಅಷ್ಟೇ, ಸತ್ತ ಮೇಲೂ ಅದು ಕುಟುಕುತ್ತದೆ.

ಆದರೆ ಎಷ್ಟು ಆರಿಸಿದರೂ ಮತ್ತೆ ಬರುವುದು ಯಾಕೆ? ನಿಮ್ಮ ಬಡಾವಣೆಯ ಮಳೆನೀರಿನ ಚರಂಡಿ ಕಡಲಿಗೆ ಸೇರುವ ಜಾಗಕ್ಕೆ ಹೋಗಿ ನಿಲ್ಲಿ. ಮೊದಲ ಜೋರು ಮಳೆಯ ದಿನ ಹೋದರೆ ಒಳ್ಳೆಯದು. ತಿಂಗಳುಗಟ್ಟಲೆ ರಸ್ತೆಯಲ್ಲಿ ಬಿದ್ದದ್ದೆಲ್ಲ ಒಂದೇ ಗಂಟೆಯಲ್ಲಿ ಬರುತ್ತದೆ. ಆ ಬಾಯಿಗೆ ಒಂದು ಜಾಲರಿ ಹಾಕಿಸಿ, ವಾರಕ್ಕೊಮ್ಮೆ ಅದನ್ನು ಖಾಲಿ ಮಾಡುವವರನ್ನು ಗೊತ್ತು ಮಾಡಿ. ಖಾಲಿ ಮಾಡದ ಜಾಲರಿ ಚರಂಡಿ ಉಕ್ಕಿಸುತ್ತದೆ, ಅದು ನೆನಪಿರಲಿ. ವರ್ಷಕ್ಕೊಮ್ಮೆ ನೂರು ಜನ ಸೇರಿ ತೀರ ಗುಡಿಸುವುದಕ್ಕಿಂತ ಇದರಿಂದ ಜಾಸ್ತಿ ಉಪಯೋಗ. ಜೋರು ಮಳೆಯ ನಂತರ ಒಂದೆರಡು ದಿನ ಕಡಲಿಗೆ ಇಳಿಯಬೇಡಿ. ಕಸದ ಜೊತೆ ಕೊಳಚೆಯೂ ಬಂದಿರುತ್ತದೆ.

ಇನ್ನು ದೀಪ. ನಿಮ್ಮ ತೀರಕ್ಕೆ ಕಡಲಾಮೆ ಬರುತ್ತದೋ ಇಲ್ಲವೋ ನೀವು ಬರೆದಿಲ್ಲ. ಬೆಚ್ಚಗಿನ ಕಡಲಿನ ಮರಳು ತೀರವಾದರೆ ಬರುವ ಸಾಧ್ಯತೆ ಇದೆ, ಮೀನುಗಾರರನ್ನು ಕೇಳಿ. ಆಮೆ ಒಂದು ಗುಂಡಿಯಲ್ಲಿ ಸುಮಾರು ನೂರು ಮೊಟ್ಟೆ ಇಡುತ್ತದೆ. 45ರಿಂದ 60 ದಿನಕ್ಕೆ ಮರಿಗಳು ಹೊರಬರುತ್ತವೆ, ಬಹುತೇಕ ರಾತ್ರಿಯಲ್ಲಿ. ಹೊರಬಂದ ಮರಿ ಬೆಳಕು ಜಾಸ್ತಿ ಇರುವ ಕಡೆ ತಿರುಗುತ್ತದೆ. ಕತ್ತಲ ತೀರದಲ್ಲಿ ಅದು ಕಡಲು. ನಿಮ್ಮ ದೊಡ್ಡ ದೀಪ ಹೊತ್ತಿದರೆ ಅದು ರಸ್ತೆ. ವಾಕಿಂಗ್‌ಗೆ ಬೆಳಕು ಬೇಕು ಅನ್ನುವುದೂ ನ್ಯಾಯವೇ, ಅದರಲ್ಲೂ ಹೆಂಗಸರಿಗೆ, ವಯಸ್ಸಾದವರಿಗೆ. ದೀಪವನ್ನು ನಡೆಯುವ ದಾರಿಗೆ ಹಾಕಿ, ಮರಳಿಗೆ ಬೇಡ. ಕಂಬ ಸೊಂಟದೆತ್ತರ ಸಾಕು. ಬೆಳಕು ಕೆಳಗೆ ಮಾತ್ರ ಬೀಳುವಂತೆ ಮುಚ್ಚಳ ಇರಲಿ. ಬಣ್ಣ ಬಿಳಿ ಬೇಡ, ಕಿತ್ತಳೆ ಹಳದಿ ಇರಲಿ. ಹಾಕಿಸಿದ ಮೇಲೆ ರಾತ್ರಿ ನೀರಿನಂಚಿಗೆ ಹೋಗಿ ಬಡಾವಣೆಯ ಕಡೆ ತಿರುಗಿ ನಿಲ್ಲಿ. ಯಾವುದಾದರೂ ಬಲ್ಬ್ ನೇರ ಕಣ್ಣಿಗೆ ಬಿದ್ದರೆ ಅದಕ್ಕೆ ಮರೆ ಬೇಕು. ಮನೆಗಳ ಬಾಲ್ಕನಿ ದೀಪಕ್ಕೂ ಇದೇ ಪರೀಕ್ಷೆ.

ಖುಷಿಯೂ ಬೇಕು ಅಂದಿರಿ. ಬೇಕೇ ಬೇಕು. ತೀರವನ್ನು ದಿನಾ ಅನುಭವಿಸುವವರೇ ಅದರ ಬದಲಾವಣೆಯನ್ನು ಮೊದಲು ಗುರುತಿಸುವುದು. ಉಬ್ಬರವಿಳಿತದ ಹೊತ್ತು ತಿಳಿದುಕೊಳ್ಳಿ. ಬಹುಪಾಲು ತೀರಗಳಲ್ಲಿ ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಚೀಚೆ ಉಬ್ಬರ ದೊಡ್ಡದು, ಇಳಿತವೂ ಆಳ. ಆ ಇಳಿತದ ಹೊತ್ತಿಗೆ ತೀರ ಅತಿ ಅಗಲವಾಗಿರುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗಲು ಅದಕ್ಕಿಂತ ಒಳ್ಳೆಯ ಸಮಯವಿಲ್ಲ. ಬಿಸಿ ಪ್ರದೇಶದ ಹಲವು ತೀರಗಳಲ್ಲಿ ಆಗ ಬಟಾಣಿಯಷ್ಟು ಏಡಿಗಳು ಹೊರಬರುತ್ತವೆ. ಮರಳನ್ನು ಬಾಯಿಗೆ ತುಂಬಿಕೊಂಡು, ತಿನ್ನುವುದನ್ನು ಸೋಸಿ, ಉಳಿದದ್ದನ್ನು ಉಂಡೆ ಮಾಡಿ ಹಿಂದಕ್ಕೆ ಎಸೆಯುತ್ತವೆ. ಬಿಲದ ಸುತ್ತ ಉಂಡೆಗಳ ರಂಗೋಲಿ. ಕದಲದೆ ಕೂತರೆ ಎರಡೇ ನಿಮಿಷದಲ್ಲಿ ಕೆಲಸಕ್ಕೆ ಇಳಿಯುತ್ತವೆ. ಮೇಲಿನ ಒಣ ಮರಳಿನಲ್ಲಿ ದೊಡ್ಡ ಏಡಿಗಳ ಬಿಲ ಎಣಿಸಿ. ಗಾಡಿ ಓಡಾಡುವ ತೀರದಲ್ಲಿ ಅವು ಕಡಿಮೆಯಾಗುತ್ತವೆ. ಮರಳ ಮೇಲೆ ಬೈಕು, ಜೀಪು ಬಿಡಬಾರದು ಅನ್ನುವುದಕ್ಕೆ ಆ ಎಣಿಕೆಯೇ ನಿಮ್ಮ ಸಾಕ್ಷಿ.

ನೀರಿಗೆ ಇಳಿಯುವವರು ಸೆಳವು ಗುರುತಿಸುವುದನ್ನು ಕಲಿಯಲೇಬೇಕು. ಎರಡೂ ಕಡೆ ಅಲೆ ಬೆಳ್ಳಗೆ ಒಡೆಯುತ್ತಿರುವಾಗ ನಡುವೆ ಒಂದು ಪಟ್ಟಿ ಕಪ್ಪಗೆ, ಶಾಂತವಾಗಿ ಕಾಣುತ್ತದೆ. ಹೊಸಬರು ಅದೇ ಸುರಕ್ಷಿತ ಅಂತ ಅಲ್ಲಿಗೇ ಇಳಿಯುತ್ತಾರೆ. ದಡಕ್ಕೆ ಬಂದ ನೀರೆಲ್ಲ ವಾಪಸ್ ಹೋಗುವ ದಾರಿ ಅದು. ಒಳ್ಳೆಯ ಈಜುಗಾರರನ್ನೂ ಎಳೆಯುತ್ತದೆ. ಸಿಕ್ಕಿಕೊಂಡರೆ ದಡದ ಕಡೆ ನೇರ ಈಜಬೇಡಿ. ಮೊದಲು ತೇಲಿ, ಕೈ ಎತ್ತಿ ಕೂಗಿ. ಆಮೇಲೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ, ಅಲೆ ಒಡೆಯುವ ಕಡೆಗೆ ಸರಿಯಿರಿ. ದಡದಲ್ಲಿರುವವರು ಬರಿಗೈಯಲ್ಲಿ ಹಾರಬೇಡಿ. ತೇಲುವ ಏನನ್ನಾದರೂ ಎಸೆಯಿರಿ. ನಿಮ್ಮ ಸಂಘ ದಾರಿಯ ಬಾಯಲ್ಲಿ ಒಂದು ತೇಲುಬಳೆ, ಉದ್ದದ ಹಗ್ಗ ನೇತುಹಾಕಿದರೆ ತುಂಬಾ ಒಳ್ಳೆಯದು.

ನೀವು ಕೇಳದಿದ್ದರೂ ಒಂದು ವಿಷಯ ಹೇಳಬೇಕು, ಬಾವಿ. ಕಡಲ ಪಕ್ಕದ ನೆಲದಡಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಲೆಕ್ಕದ ಪ್ರಕಾರ, ಸಿಹಿನೀರಿನ ಮಟ್ಟ ಕಡಲ ಮಟ್ಟಕ್ಕಿಂತ 1 ಮೀಟರ್ ಮೇಲಿದ್ದರೆ ಕೆಳಗೆ ಸುಮಾರು 40 ಮೀಟರ್ ತನಕ ಸಿಹಿನೀರು ಇರುತ್ತದೆ. ಇದೇ ಲೆಕ್ಕ ತಿರುಗಿಸಿ ನೋಡಿ. ಎಲ್ಲ ಮನೆಯವರೂ ಬೋರ್ ಹಾಕಿ ಆ ಮಟ್ಟವನ್ನು ಅರ್ಧ ಮೀಟರ್ ಇಳಿಸಿದರೆ ಉಪ್ಪುನೀರು 20 ಮೀಟರ್ ಮೇಲೇರುವ ದಾರಿ ತೆರೆಯುತ್ತದೆ. ಒಮ್ಮೆ ಉಪ್ಪಾದ ಬಾವಿ ಸಿಹಿಯಾಗಲು ವರ್ಷಗಳೇ ಬೇಕು. ತಾರಸಿಯ ನೀರನ್ನು ಇಂಗಿಸಿ, ಅಂಗಳಕ್ಕೆಲ್ಲ ಕಾಂಕ್ರೀಟ್ ಹಾಕಬೇಡಿ. ತೀರದ ಅಳತೆ ಬರೆಯುವ ಅದೇ ಪುಸ್ತಕದಲ್ಲಿ ಬಡಾವಣೆಯ ನಾಲ್ಕೈದು ಬಾವಿಗಳ ಉಪ್ಪಿನ ಪ್ರಮಾಣವನ್ನೂ ಬೇಸಿಗೆಯ ಕೊನೆಗೊಮ್ಮೆ, ಮಳೆ ನಿಂತ ಮೇಲೊಮ್ಮೆ ಪರೀಕ್ಷೆ ಮಾಡಿಸಿ ಬರೆದಿಡಿ. ಕಡಲಿಗೆ ಹತ್ತಿರದ ಬಾವಿಯಲ್ಲಿ ಉಪ್ಪು ಏರತೊಡಗಿದರೆ ಅಲ್ಲಿ ಪಂಪ್ ಮಾಡುವುದನ್ನು ಆ ವರ್ಷವೇ ಕಡಿಮೆ ಮಾಡಿ.